‘ಅವನೂ ನಗ್ತಾನಲ್ಲ!’: ಡ್ರೆಸ್ಸಿಂಗ್ ರೂಮಿನ ದೂರು ಕ್ಲಬ್ಬಿಗೆ ಹೋದ ಮೇಲೆ ಏನಾಗುತ್ತದೆ?

ಪ್ರಶ್ನೆ: ನಮ್ಮ ತಂಡದಲ್ಲಿ ಒಬ್ಬ ಹುಡುಗನನ್ನು ಅವನ ಮೈಬಣ್ಣ ಹಿಡಿದು ಅಡ್ಡಹೆಸರಿನಿಂದ ಕರೆಯುತ್ತಾರೆ. ಅವನೂ ನಗುತ್ತಾನೆ. ಒಮ್ಮೆ ಕೇಳಿದ್ದಕ್ಕೆ ‘ಸುಮ್ನೆ ತಮಾಷೆಗೆ’ ಅಂದರು. ಇಂಥದ್ದರ ಬಗ್ಗೆ ದೂರು ಹೋದರೆ ಕ್ಲಬ್ ನಿಜವಾಗಿ ಏನಾದರೂ ಮಾಡುತ್ತದೆಯೇ? ಇಲ್ಲ, ‘ತನಿಖೆ ನಡೆಯುತ್ತಿದೆ’ ಅಂತ ಹೇಳಿ ಮರೆತುಬಿಡುತ್ತದೆಯೇ?

ಉತ್ತರ: ಎರಡೂ ಆಗುತ್ತದೆ. ಯಾವುದು ಆಗುತ್ತದೆ ಅನ್ನೋದು ದೂರು ಯಾರ ಕೈಗೆ ಹೋಯಿತು ಅನ್ನೋದರ ಮೇಲೆ ನಿಂತಿರುತ್ತದೆ. ಅದಕ್ಕೆ ಬರುವ ಮೊದಲು ನಿಮ್ಮ ಒಂದು ಮಾತನ್ನು ಹಿಡಿದುಕೊಳ್ಳುತ್ತೇನೆ: ‘ಅವನೂ ನಗುತ್ತಾನೆ’. ಈ ಪ್ರಶ್ನೆಯನ್ನು ಯಾರೇ ಕೇಳಲಿ, ಈ ಮಾತು ಅದರಲ್ಲಿ ಇದ್ದೇ ಇರುತ್ತದೆ. ದೊಡ್ಡ ದೊಡ್ಡ ಕ್ಲಬ್‌ಗಳು ಎಡವಿದ್ದೂ ಇಲ್ಲೇ.

ಅಮೆರಿಕದ ಮಯಾಮಿ ಡಾಲ್ಫಿನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕಥೆ ನೋಡಿ. 2013ರ ಅಕ್ಟೋಬರ್‌ನಲ್ಲಿ ಜೊನಾಥನ್ ಮಾರ್ಟಿನ್ ಎಂಬ ಯುವ ಆಟಗಾರ ಸೀಸನ್ ನಡುವೆಯೇ ತಂಡ ಬಿಟ್ಟು ಹೊರನಡೆದ. ಹಿರಿಯ ಆಟಗಾರ ರಿಚಿ ಇನ್‌ಕಾಗ್ನಿಟೊ ಮತ್ತು ಇನ್ನಿಬ್ಬರು ಅವನನ್ನು ಎಡೆಬಿಡದೆ ಗೋಳುಹೊಯ್ದುಕೊಂಡಿದ್ದರು. ಜನಾಂಗದ ಹೆಸರು ಹಿಡಿದ ಬೈಗುಳವೂ ಅದರಲ್ಲಿತ್ತು. ಆದರೆ ಇನ್‌ಕಾಗ್ನಿಟೊ ಮತ್ತು ಮಾರ್ಟಿನ್ ನಡುವೆ ಓಡಾಡಿದ್ದ ಸಾವಿರಕ್ಕೂ ಹೆಚ್ಚು ಮೆಸೇಜ್ ನೋಡಿದರೆ ಇಬ್ಬರೂ ಜೀವದ ಗೆಳೆಯರು ಅನ್ನಿಸುತ್ತಿತ್ತು. ‘ಇದೆಲ್ಲ ಗೆಳೆಯರ ಮಾತು’ ಅನ್ನೋದೇ ಇನ್‌ಕಾಗ್ನಿಟೊ ವಾದ. ಲೀಗ್ ನೇಮಿಸಿದ ವಕೀಲ ಟೆಡ್ ವೆಲ್ಸ್ 2014ರ ಫೆಬ್ರುವರಿಯಲ್ಲಿ 144 ಪುಟಗಳ ವರದಿ ಕೊಟ್ಟರು. ಕಾಟ ಕೊಡುವವನ ಜೊತೆಗೇ ಸ್ನೇಹ ಬೆಳೆಸಲು ನೋಡುವುದು ಕಾಟ ತಿಂದವರಲ್ಲಿ ಕಾಣುವ ನಡವಳಿಕೆಯೇ ಎಂದು ವರದಿ ಹೇಳಿತು. ನಗು ಅಲ್ಲಿ ಒಪ್ಪಿಗೆ ಆಗಿರಲಿಲ್ಲ, ದಿನ ದೂಡುವ ದಾರಿಯಾಗಿತ್ತು.

ಆ ವರದಿಯಲ್ಲಿ ನನ್ನನ್ನು ಬಿಡದೆ ಕಾಡುವ ಒಂದು ಸಂಗತಿ ಇದೆ. ಆ ಆಟಗಾರರು ತಮ್ಮತಮ್ಮಲ್ಲೇ ದಂಡ ಹಾಕಿಕೊಳ್ಳಲು ಒಂದು ಪುಸ್ತಕ ಇಟ್ಟಿದ್ದರು. ಮಾರ್ಟಿನ್ ಹೊರಟುಹೋದ ಮೇಲೆ, ಅವನನ್ನು ‘ಮುರಿದಿದ್ದಕ್ಕೆ’ ಅಂತ ಇನ್‌ಕಾಗ್ನಿಟೊ ತನ್ನ ಹೆಸರಿಗೆ 200 ಡಾಲರ್ ದಂಡ ಬರೆದುಕೊಂಡ. ಆಮೇಲೆ ಸುದ್ದಿ ಹೊರಬಿದ್ದಾಗ ಆ ಪುಸ್ತಕವನ್ನೇ ನಾಶ ಮಾಡಿ ಅಂತ ಮೆಸೇಜ್ ಕಳಿಸಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಇಲ್ಲಿ ಬೆಕ್ಕು ಚೆಲ್ಲಾಟದ ಲೆಕ್ಕವನ್ನೂ ಬರೆದಿಟ್ಟಿತ್ತು.

ಸರಿ, ದೂರು ಎಲ್ಲಿಗೆ ಹೋಗುತ್ತದೆ? ಸಾಮಾನ್ಯವಾಗಿ ಮೂರು ಬಾಗಿಲು. ಮೊದಲನೆಯದು ಕ್ಲಬ್. ವೃತ್ತಿಪರ ತಂಡದಲ್ಲಿ ಆಟಗಾರ ಅಂದರೆ ನೌಕರ, ಕ್ಲಬ್ ಅಂದರೆ ಮಾಲೀಕ. ಹಾಗಾಗಿ ಕಚೇರಿಯ ಶಿಸ್ತಿನ ನಿಯಮಗಳೇ ಇಲ್ಲೂ ಅನ್ವಯಿಸುತ್ತವೆ. ಎರಡನೆಯದು ಆ ಆಟವನ್ನು ನಡೆಸುವ ಮಂಡಳಿ ಅಥವಾ ಫೆಡರೇಷನ್. ಆಟಗಾರನಿಗೆ ಪಂದ್ಯಗಳ ನಿಷೇಧ ಹಾಕುವ, ಕ್ಲಬ್ಬಿಗೇ ದಂಡ ಹಾಕುವ ಅಧಿಕಾರ ಅದಕ್ಕಿದೆ. ಮೂರನೆಯದು ಪೊಲೀಸ್ ಮತ್ತು ಕೋರ್ಟ್. ಒಂದೇ ಘಟನೆ ಮೂರೂ ಬಾಗಿಲು ತಟ್ಟಬಹುದು, ಮೂರು ಕಡೆ ಮೂರು ಉತ್ತರವೂ ಬರಬಹುದು.

ಅದು ಹೇಗೆ ಅಂತೀರಾ? 2011ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಚೆಲ್ಸಿ ಫುಟ್‌ಬಾಲ್ ಕ್ಲಬ್ಬಿನ ಜಾನ್ ಟೆರಿ ಎದುರಾಳಿ ಆಟಗಾರ ಆಂಟನ್ ಫರ್ಡಿನಾಂಡ್‌ಗೆ ಜನಾಂಗೀಯ ನಿಂದನೆ ಮಾಡಿದ ಆರೋಪ ಬಂತು. 2012ರ ಜುಲೈನಲ್ಲಿ ಕೋರ್ಟ್ ಟೆರಿಯನ್ನು ಖುಲಾಸೆ ಮಾಡಿತು. ಆದರೆ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 4 ಪಂದ್ಯಗಳ ನಿಷೇಧ ಮತ್ತು 2,20,000 ಪೌಂಡ್ ದಂಡ ಹಾಕಿತು. ಕೋರ್ಟಿಗೆ ಅನುಮಾನಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು. ಆಟದ ಸಂಸ್ಥೆಗೆ ‘ನಡೆದಿರುವ ಸಾಧ್ಯತೆಯೇ ಹೆಚ್ಚು’ ಅನ್ನುವಷ್ಟು ಸಾಕು. ನಮ್ಮವರಿಗೆ ಚೆನ್ನಾಗಿ ನೆನಪಿರುವ 2008ರ ಸಿಡ್ನಿ ಟೆಸ್ಟ್ ಗಲಾಟೆಯಲ್ಲೂ ಜಗಳ ನಡೆದದ್ದು ಸಾಕ್ಷ್ಯದ ಮೇಲೆಯೇ. ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್‌ಗೆ ಜನಾಂಗೀಯ ನಿಂದನೆ ಮಾಡಿದ ಆರೋಪದ ಮೇಲೆ ಹರ್ಭಜನ್ ಸಿಂಗ್‌ಗೆ ಮ್ಯಾಚ್ ರೆಫರಿ 3 ಟೆಸ್ಟ್ ನಿಷೇಧ ಹಾಕಿದರು. ಮೇಲ್ಮನವಿಯಲ್ಲಿ ಜನಾಂಗೀಯ ನಿಂದನೆ ಸಾಬೀತಾಗಲಿಲ್ಲ. ಬೈಗುಳಕ್ಕಾಗಿ ಪಂದ್ಯದ ಸಂಭಾವನೆಯ ಅರ್ಧ ದಂಡವಷ್ಟೇ ಉಳಿಯಿತು. ‘ಸಾಬೀತಾಗಲಿಲ್ಲ’ ಅಂದರೆ ‘ದೂರು ಸುಳ್ಳು’ ಅಂತಲ್ಲ. ಈ ವ್ಯತ್ಯಾಸವನ್ನು ಅಭಿಮಾನಿಗಳು ಮಾತ್ರವಲ್ಲ, ಕ್ಲಬ್ಬಿನವರೂ ಮರೆಯುತ್ತಾರೆ.

ಈಗ ಮೊದಲನೇ ಬಾಗಿಲಿಗೆ ವಾಪಸ್ ಬರೋಣ, ತೊಂದರೆ ಇರುವುದೇ ಅಲ್ಲಿ. ದೂರು ಬಂದ ದಿನ ಕ್ಲಬ್ಬಿನ ಮುಂದೆ ಒಂದು ಚಿಕ್ಕ ಪ್ರಶ್ನೆ ಇರುತ್ತದೆ: ಇಬ್ಬರನ್ನೂ ನಾಳೆ ಅಭ್ಯಾಸಕ್ಕೆ ಒಟ್ಟಿಗೆ ಕರೆಯೋದಾ? ನೆಟ್ಟಗಿರುವ ಕ್ಲಬ್, ಆರೋಪ ಹೊತ್ತವನನ್ನು ತಾತ್ಕಾಲಿಕವಾಗಿ ಪಕ್ಕಕ್ಕಿಡುತ್ತದೆ. ಇದು ಶಿಕ್ಷೆಯಲ್ಲ, ತನಿಖೆ ಮುಗಿಯುವವರೆಗಿನ ಏರ್ಪಾಡು ಅಂತ ಬರವಣಿಗೆಯಲ್ಲೇ ಹೇಳುತ್ತದೆ, ಸಂಬಳವನ್ನೂ ಮುಂದುವರಿಸುತ್ತದೆ. ಸೋಮಾರಿ ಕ್ಲಬ್ ದೂರು ಕೊಟ್ಟವನಿಗೇ ‘ನಾಲ್ಕು ದಿನ ರಜೆ ತಗೋ’ ಅನ್ನುತ್ತದೆ. ಕೇಳೋಕೆ ಕಾಳಜಿ ಥರ ಇರುತ್ತದೆ. ಡ್ರೆಸ್ಸಿಂಗ್ ರೂಮಿಗೆ ಅದರಿಂದ ಹೋಗುವ ಸಂದೇಶ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆಮೇಲೆ ತನಿಖೆ. ಯಾರು ಮಾಡಬೇಕು? ಕೋಚ್ ಮಾಡಬಾರದು, ತಂಡ ಆರಿಸುವವರು ಯಾರೂ ಮಾಡಬಾರದು. ಭಾನುವಾರದ ಪಂದ್ಯಕ್ಕೆ ಆರೋಪಿಯೇ ಬೇಕಾಗಿರುವವರ ತಕ್ಕಡಿ ಸಮ ನಿಲ್ಲೋದಿಲ್ಲ. ಡಾಲ್ಫಿನ್ಸ್‌ನಲ್ಲಂತೂ ಆ ಆಟಗಾರರ ಕೋಚ್‌ಗೆ ವಿಷಯ ಗೊತ್ತಿತ್ತು, ಕೆಲವೊಮ್ಮೆ ಆತನೂ ಕೈ ಸೇರಿಸಿದ್ದ. ವರದಿ ಬಂದ ಮೇಲೆ ಆತನ ಕೆಲಸ ಹೋಯಿತು. ಹೊರಗಿನ ವಕೀಲರನ್ನು ನೇಮಿಸಿಬಿಟ್ಟರೆ ಸಾಕು ಅಂತಲೂ ಅಲ್ಲ. ಇದಕ್ಕೆ ಇಂಗ್ಲೆಂಡಿನ ಯಾರ್ಕ್‌ಷೈರ್ ಕೌಂಟಿ ಕ್ರಿಕೆಟ್ ಕ್ಲಬ್‌ಗಿಂತ ದೊಡ್ಡ ಪಾಠ ಬೇರೆ ಇಲ್ಲ.

ಪಾಕಿಸ್ತಾನ ಮೂಲದ ಅಜೀಂ ರಫೀಕ್ ಆ ಕ್ಲಬ್ಬಿಗೆ ವರ್ಷಗಟ್ಟಲೆ ಆಡಿದವರು. ತಾವು ಅಲ್ಲಿ ಜನಾಂಗೀಯ ನಿಂದನೆ, ಕಿರುಕುಳ ಅನುಭವಿಸಿದ್ದಾಗಿ 2020ರಲ್ಲಿ ಬಾಯಿಬಿಟ್ಟು ಹೇಳಿದರು. ಕ್ಲಬ್ ತನಿಖೆಗೆ ಒಂದು ಕಾನೂನು ಸಂಸ್ಥೆಯನ್ನು ನೇಮಿಸಿತು. ಕ್ಲಬ್ಬಿನ ಅಧ್ಯಕ್ಷರು ಹಿಂದೊಮ್ಮೆ ಅದೇ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು! ವರ್ಷ ಕಳೆಯಿತು. 43 ಆರೋಪಗಳಲ್ಲಿ 7 ನಿಜವೆಂದು ತೀರ್ಮಾನವಾಯಿತು. 2021ರ ಅಕ್ಟೋಬರ್ 28ರಂದು ಕ್ಲಬ್ ಒಂದು ಹೇಳಿಕೆ ಕೊಟ್ಟಿತು: ಯಾರ ಮೇಲೂ ಶಿಸ್ತು ಕ್ರಮ ಇಲ್ಲ.

ಕೆಲವೇ ದಿನಗಳಲ್ಲಿ ವರದಿಯ ಒಳಮಾತು ಹೊರಬಿತ್ತು. ಪಾಕಿಸ್ತಾನ ಮೂಲದವರನ್ನು ಹೀನಾಯವಾಗಿ ಕರೆಯುವ ಪದವೊಂದನ್ನು ರಫೀಕ್ ಮೇಲೆ ಬಳಸಿದ್ದು ನಿಜ, ಆದರೆ ಅದು ಗೆಳೆಯರ ನಡುವಿನ ತಮಾಷೆ ಅಂತ ತನಿಖೆ ಪರಿಗಣಿಸಿತ್ತು. ‘ಅವನೂ ನಗುತ್ತಾನೆ’ ಅನ್ನೋದರ ಇನ್ನೊಂದು ರೂಪ ಇದು. ಪ್ರಾಯೋಜಕರು ಒಬ್ಬೊಬ್ಬರಾಗಿ ಕಳಚಿಕೊಂಡರು. ಅಂತರರಾಷ್ಟ್ರೀಯ ಪಂದ್ಯ ನಡೆಸುವ ಅವಕಾಶವನ್ನು ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ತಡೆಹಿಡಿಯಿತು. ಅಧ್ಯಕ್ಷರು ರಾಜೀನಾಮೆ ಕೊಟ್ಟರು. ನವೆಂಬರ್ 16ರಂದು ರಫೀಕ್ ಸಂಸದರ ಸಮಿತಿಯ ಮುಂದೆ ಕಣ್ಣೀರಿಡುತ್ತಾ ಹೇಳಿಕೆ ಕೊಟ್ಟರು. ನಮ್ಮ ಚೇತೇಶ್ವರ ಪೂಜಾರ ಅಲ್ಲಿ ಆಡಿದಾಗ ಹೆಸರು ಉಚ್ಚರಿಸೋಕೆ ಕಷ್ಟ ಅಂತ ‘ಸ್ಟೀವ್’ ಎಂದು ಕರೆಯುತ್ತಿದ್ದದ್ದೂ ಈ ಗದ್ದಲದಲ್ಲೇ ಸುದ್ದಿಯಾಯಿತು.

ಇಲ್ಲಿಗೇ ಮುಗಿಯಲಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ, ಡಿಸೆಂಬರ್‌ನಲ್ಲಿ ಹೊಸ ಆಡಳಿತ 16 ಸಿಬ್ಬಂದಿಯನ್ನು ಒಂದೇ ಏಟಿಗೆ ಹೊರಗೆ ಕಳಿಸಿತು. ಅವರಲ್ಲಿ ಕೆಲವರು ನ್ಯಾಯಮಂಡಳಿಗೆ ಹೋದರು. ವಜಾ ಮಾಡಿದ ಕ್ರಮ ಸರಿಯಿರಲಿಲ್ಲ ಅಂತ 2022ರಲ್ಲಿ ತೀರ್ಮಾನವಾಯಿತು. ಮೊದಲು ಕೈಕಟ್ಟಿ ಕೂತು ತಪ್ಪು ಮಾಡಿದರು, ಆಮೇಲೆ ಅವಸರ ಮಾಡಿ ತಪ್ಪು ಮಾಡಿದರು. 2023ರ ಜುಲೈನಲ್ಲಿ ಕ್ಲಬ್ಬಿಗೆ 4 ಲಕ್ಷ ಪೌಂಡ್ ದಂಡ ಬಿತ್ತು. ಅದರಲ್ಲಿ 3 ಲಕ್ಷವನ್ನು ಸದ್ಯಕ್ಕೆ ಕಟ್ಟಬೇಕಿಲ್ಲ ಅಂತ ತಡೆಹಿಡಿದರು. ಚಾಂಪಿಯನ್‌ಶಿಪ್‌ನಲ್ಲಿ 48 ಅಂಕ ಕಡಿತವೂ ಆಯಿತು. ಏನೂ ಗೊತ್ತಿಲ್ಲದ ಹೊಸ ಹುಡುಗರೂ ಆ ಅಂಕಗಳ ಬೆಲೆ ತೆರಬೇಕಾಯಿತು. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಆದರೆ ಅಂಕ ಹೋಗುತ್ತದೆ ಅಂದರೆ ಮಾತ್ರ ಎದ್ದು ಕೂರುವ ಆಡಳಿತ ಮಂಡಳಿಗಳಿವೆ ಅನ್ನೋದೂ ನಿಜ.

ಇದರ ಮಧ್ಯೆ ರಫೀಕ್ ಅವರೇ 2011ರಲ್ಲಿ ಬರೆದಿದ್ದ ಯಹೂದಿ ವಿರೋಧಿ ಮೆಸೇಜ್‌ಗಳೂ ಸಿಕ್ಕವು. ಅವರು ಕ್ಷಮೆ ಕೇಳಿದರು. ‘ನೋಡಿ, ಇವನೇನು ಸಾಚಾನಾ?’ ಅಂತ ಒಂದಷ್ಟು ಜನ ಕುಣಿದರು. ದೂರು ಕೊಟ್ಟವನು ಸಂತನಾಗಿರಬೇಕು ಅಂತ ಯಾವ ನಿಯಮದಲ್ಲೂ ಇಲ್ಲ. ಅವನ ತಪ್ಪಿನ ವಿಚಾರಣೆ ಬೇರೆ, ಅವನ ದೂರಿನ ವಿಚಾರಣೆ ಬೇರೆ.

‘ಆಗಲೇ ಯಾಕೆ ಹೇಳಲಿಲ್ಲ?’ ಅನ್ನೋದು ಇನ್ನೊಂದು ಮಾಮೂಲಿ ಮಾತು. ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸಾಮಿ ಐಪಿಎಲ್‌ನಲ್ಲಿ ಸನ್‌ರೈಸರ್ಸ್ ಹೈದರಾಬಾದ್ ಪರ ಆಡುವಾಗ ಅವರನ್ನು ‘ಕಾಲೂ’ (ಹಿಂದಿಯಲ್ಲಿ ‘ಕರಿಯ’ ಅನ್ನುವ ಹಾಗೆ) ಅಂತ ಕರೆಯುತ್ತಿದ್ದರಂತೆ. ಅದೇನೋ ಗಟ್ಟಿಮುಟ್ಟಾದವನು ಅನ್ನುವ ಅರ್ಥ ಅಂದುಕೊಂಡು ಅವರೂ ಸುಮ್ಮನಿದ್ದರು. ಅರ್ಥ ತಿಳಿದದ್ದು ವರ್ಷಗಳ ನಂತರ, ಆಮೇಲೆ 2020ರಲ್ಲಿ ಸಿಟ್ಟಿನಿಂದ ವಿಡಿಯೊ ಹಾಕಿದರು. ಒಬ್ಬ ಹಳೇ ಸಹ ಆಟಗಾರ ಮಾತಾಡಿದ ಮೇಲೆ, ಅದು ಪ್ರೀತಿಯಿಂದ ಕರೆದದ್ದು ಅಂತ ನಂಬುತ್ತೇನೆ ಎಂದು ಹೇಳಿ ಸಮಾಧಾನವಾದರು. ಕರೆದವರ ಮನಸ್ಸಿನಲ್ಲಿ ಕೆಟ್ಟದ್ದು ಇಲ್ಲದೆ ಇರಬಹುದು. ಹಾಗಿದ್ದರೆ ಶಿಕ್ಷೆಯ ತೂಕ ಕಡಿಮೆಯಾಗಬಹುದು. ಆದರೆ ಆ ಹೆಸರು ಮುಂದುವರಿಯಬೇಕೇ ಅನ್ನುವ ಪ್ರಶ್ನೆಗೆ ಅದು ಉತ್ತರವಲ್ಲ.

ಶಿಕ್ಷೆ ಅಂದರೆ ಏನೇನು? ಎಚ್ಚರಿಕೆ ಪತ್ರ, ದಂಡ, ತರಬೇತಿ ತರಗತಿ, ಕೆಲವು ಪಂದ್ಯ ಹೊರಗಿಡುವುದು, ಕೊನೆಗೆ ಕರಾರು ರದ್ದು. ಇದರ ವಿವರ ಹೊರಗೆ ಬರುವುದು ಕಡಿಮೆ. ದೂರುದಾರನ ಖಾಸಗಿತನ, ಕರಾರಿನ ಷರತ್ತು, ಮಾನನಷ್ಟದ ಭಯ ಎಲ್ಲವೂ ಅದಕ್ಕೆ ಕಾರಣ. ಗುಟ್ಟು ಅಂದ ತಕ್ಷಣ ತಿಪ್ಪೆ ಸಾರಿಸಿದರು ಅಂತ ತಿಳಿಯಬೇಕಿಲ್ಲ. ಆದರೆ ದೂರು ಕೊಟ್ಟವನಿಗೇ ಫಲಿತಾಂಶ ಹೇಳದಿದ್ದರೆ ಅದು ಗುಟ್ಟಲ್ಲ, ತಿಪ್ಪೆಯೇ.

ಕ್ಲಬ್ಬಿಗಿಂತ ಸಹ ಆಟಗಾರರ ನಡವಳಿಕೆ ಕೆಲವೊಮ್ಮೆ ಹೆಚ್ಚು ಕೆಡಿಸುತ್ತದೆ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಪ್ಯಾಟ್ರಿಸ್ ಎವ್ರಾ ಅವರಿಗೆ ಜನಾಂಗೀಯ ನಿಂದನೆ ಮಾಡಿದ್ದಕ್ಕೆ 2011ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಲೂಯಿಸ್ ಸುವಾರೆಜ್‌ಗೆ 8 ಪಂದ್ಯಗಳ ನಿಷೇಧ ಬಿತ್ತು. ಮರುದಿನವೇ ಲಿವರ್‌ಪೂಲ್ ಆಟಗಾರರು ಸುವಾರೆಜ್ ಚಿತ್ರದ ಟಿ-ಶರ್ಟ್ ಹಾಕಿಕೊಂಡು ಮೈದಾನಕ್ಕಿಳಿದರು. ಅದು ದೊಡ್ಡ ತಪ್ಪು ಅಂತ ಅವರಲ್ಲೊಬ್ಬರಾದ ಜೇಮಿ ಕ್ಯಾರಗರ್ ಎವ್ರಾ ಮುಂದೆ ಟಿವಿಯಲ್ಲಿ ಕ್ಷಮೆ ಕೇಳಿದ್ದು 2019ರಲ್ಲಿ.

ಇನ್ನು ನಿಮ್ಮ ತಂಡದ ವಿಷಯ. ಚಿಕ್ಕ ಕ್ಲಬ್ ಆದರೆ ವಕೀಲರೂ ಇರುವುದಿಲ್ಲ, ಸಮಿತಿಯೂ ಇರುವುದಿಲ್ಲ. ಕಾರ್ಯದರ್ಶಿಗೆ ಎರಡೂ ಕಡೆಯವರು ಬೇಕಾದವರೇ. ಅಂಥಲ್ಲಿ ಜಿಲ್ಲಾ ಅಥವಾ ರಾಜ್ಯ ಮಟ್ಟದ ಸಂಸ್ಥೆಗೆ ನೇರವಾಗಿ ಬರೆಯುವುದು ವಾಸಿ. ಅದಕ್ಕೂ ಮೊದಲು ಆ ಹುಡುಗನನ್ನು ಒಬ್ಬನೇ ಸಿಕ್ಕಾಗ ಮಾತಾಡಿಸಿ. ನಾಲ್ಕು ಜನರ ಮುಂದೆ ಕೇಳಿದರೆ ಅವನು ಮತ್ತೆ ನಗುತ್ತಾನೆ. ಅವನ ಪರವಾಗಿ ಅವನಿಗೆ ಗೊತ್ತಿಲ್ಲದೆ ದೂರು ಕೊಡೋದು ಬೇಡ. ಅವನು ಅಪ್ರಾಪ್ತನಾಗಿದ್ದರೆ ಮಾತು ಬೇರೆ, ಆಗ ಸುಮ್ಮನಿರುವ ಹಾಗೇ ಇಲ್ಲ. ನೀವು ಕೇಳಿಸಿಕೊಂಡ ಮಾತು, ತಾರೀಕು, ಅಲ್ಲಿ ಯಾರಿದ್ದರು ಅನ್ನೋದನ್ನು ಅವತ್ತೇ ಬರೆದಿಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಮೆಸೇಜ್ ಅಳಿಸಿ ಹೋಗೋಕೆ ಕ್ಷಣ ಸಾಕು. ತನಿಖೆ ಮಾಡುವವರು ಕೊನೆಗೆ ಹುಡುಕುವುದು ಮೂರನೆಯವನ ಸಾಕ್ಷ್ಯವನ್ನೇ. ಇಲ್ಲಿ ಆ ಮೂರನೆಯವರು ನೀವು.