ಪದ ಪರಿಚಯ: ‘ಮೆಂಟರ್ಡ್’ ಅನುದಾನದಲ್ಲಿ ಮೆಂಟರ್ ಯಾರು?

ಕಳೆದ ಮಳೆಗಾಲದಲ್ಲಿ ಮಂಗಳೂರಿನ ವೈದ್ಯ ಮಿತ್ರರೊಬ್ಬರು ತಮಗೆ ಬಂದ ಸುತ್ತೋಲೆಯೊಂದರ ಚಿತ್ರವನ್ನು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದರು. ‘ಮೆಂಟರ್ಡ್ ಸಂಶೋಧನಾ ಅನುದಾನಕ್ಕೆ ಆಸಕ್ತ ವಿಭಾಗ ಮುಖ್ಯಸ್ಥರು ಕಿರಿಯ ವೈದ್ಯರೊಬ್ಬರನ್ನು ಸೇರಿಸಿಕೊಂಡು ಅರ್ಜಿ ಸಲ್ಲಿಸತಕ್ಕದ್ದು’ ಎಂಬುದು ಅದರ ಸಾರ. ಇದೇ ಅರ್ಥದ ಬರಹ ನನ್ನ ಕಣ್ಣಿಗೆ ಬೀಳುತ್ತಿರುವುದು ಅದು ಮೂರನೆಯ ಸಲ. ಹಿಂದಿನ ಎರಡು ಸಲ ಸುಮ್ಮನಿದ್ದೆ. ಈ ಸಲ ಬರೆಯದೆ ಇರಲಾಗಲಿಲ್ಲ. ಹಿರಿಯರೊಬ್ಬರ ಆಸರೆಯಲ್ಲಿ ಕಿರಿಯರು ಸಂಶೋಧಕರಾಗಿ ಬೆಳೆಯಲೆಂದು ಕೊಡುವ ಇಂತಹ ಅನುದಾನದಲ್ಲಿ ಅರ್ಜಿದಾರರು ಕಿರಿಯ ವೈದ್ಯರೇ ಹೊರತು ಮುಖ್ಯಸ್ಥರಲ್ಲ. ‘ಸೇರಿಸಿಕೊಳ್ಳುವ’ ಕೆಲಸ ಇರುವುದಾದರೆ ಅದು ಕಿರಿಯರದು: ಅವರು ಹಿರಿಯರೊಬ್ಬರನ್ನು ಆರಿಸಿ ತಮ್ಮ ಜೊತೆಗೆ ಸೇರಿಸಿಕೊಳ್ಳಬೇಕು. ಒಂದು ಕ್ರಿಯಾಪದದ ಕರ್ತೃವೂ ಕರ್ಮವೂ ಅದಲುಬದಲಾದ ಕಾರಣ ಆ ಕಾಲೇಜಿನಲ್ಲಿ ಅರ್ಹರಾಗಿದ್ದ ಇಬ್ಬರು ಅಸಿಸ್ಟೆಂಟ್ ಪ್ರೊಫೆಸರ್‌ಗಳು ತಮ್ಮನ್ನು ಯಾರಾದರೂ ಕರೆಯಬಹುದೆಂದು ಕಾದು ಕುಳಿತರು. ಕೊನೆಯ ದಿನಾಂಕ ಕಳೆದುಹೋಯಿತು.

ಗೊಂದಲಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಕಾಲೇಜುಗಳಲ್ಲಿ ‘ಮೆಂಟರ್’ ಎಂಬ ಮಾತು ಈಗಾಗಲೇ ಬೇರೆ ಕೆಲಸಕ್ಕೆ ಸಿಕ್ಕಿಬಿದ್ದಿದೆ. ಎಂಬಿಬಿಎಸ್ ವಿದ್ಯಾರ್ಥಿಗಳನ್ನು ತಲಾ ಕೆಲವರಂತೆ ಹಂಚಿಕೊಂಡು ಹಾಜರಾತಿ ನೋಡುವ, ಅಂಕ ಕಡಿಮೆಯಾದಾಗ ಮನೆಯವರಿಗೆ ಫೋನು ಮಾಡುವ ಅಧ್ಯಾಪಕರನ್ನು ಮೆಂಟರ್ ಎನ್ನುತ್ತೇವೆ. ಸ್ನಾತಕೋತ್ತರ ಪ್ರಬಂಧಕ್ಕೆ ಸಹಿ ಹಾಕುವವರು ‘ಗೈಡ್’. ಕನ್ನಡದಲ್ಲಿ ಬರೆಯುವಾಗ ಅವರೇ ‘ಮಾರ್ಗದರ್ಶಕರು’. ವಿಭಾಗದ ಮುಖ್ಯಸ್ಥರು ಈ ಎರಡೂ ಆಗಿರಬಹುದು. ಹೀಗಾಗಿ ‘ಮೆಂಟರ್ಡ್’ ಎಂದು ಕಂಡ ಕೂಡಲೇ ಈ ಮೂವರ ಚಿತ್ರಗಳು ಒಂದರ ಮೇಲೊಂದು ಕುಳಿತು, ವಯಸ್ಸಿನಲ್ಲೂ ಅಧಿಕಾರದಲ್ಲೂ ಮೇಲಿರುವವರೇ ಮೆಂಟರ್, ಅನುದಾನವೂ ಅವರದೇ ಎಂಬ ತೀರ್ಮಾನಕ್ಕೆ ಬರುತ್ತೇವೆ. ಪದದ ಮೂಲವಾಗಲಿ ಅನುದಾನ ಸಂಸ್ಥೆಗಳ ನಿಯಮವಾಗಲಿ ಈ ತೀರ್ಮಾನಕ್ಕೆ ಆಸರೆಯಾಗುವುದಿಲ್ಲ.

ಮೂಲದಿಂದಲೇ ಆರಂಭಿಸೋಣ. ಮೆಂಟರ್ ಎಂಬುದು ಮೊದಲು ಒಬ್ಬ ವ್ಯಕ್ತಿಯ ಹೆಸರು. ಹೋಮರನ ‘ಒಡಿಸ್ಸಿ’ಯಲ್ಲಿ ಒಡಿಸ್ಯೂಸನು ಟ್ರಾಯ್ ಯುದ್ಧಕ್ಕೆ ಹೊರಡುವಾಗ ತನ್ನ ಮನೆವಾರ್ತೆಯನ್ನು ಮೆಂಟರ್ ಎಂಬ ಹಳೆಯ ಗೆಳೆಯನಿಗೆ ಒಪ್ಪಿಸಿ ಹೋಗುತ್ತಾನೆ. ಯುದ್ಧಕ್ಕೆ ಹತ್ತು ವರ್ಷ, ಮರಳಿ ಬರಲು ಮತ್ತೆ ಹತ್ತು. ಅಷ್ಟರಲ್ಲಿ ಮನೆಗೆ ನುಗ್ಗಿದವರು ದನಕರುಗಳನ್ನು ಕಡಿದು ತಿಂದು ಮುಗಿಸುತ್ತಿರುವಾಗ ನಿಜವಾದ ಮೆಂಟರ್ ಸಭೆಯಲ್ಲಿ ಒಂದು ಮಾತು ಆಡಿದ್ದು ಬಿಟ್ಟರೆ ಹೆಚ್ಚೇನೂ ಮಾಡಲಾಗುವುದಿಲ್ಲ. ಮಗ ಟೆಲಿಮಾಕಸನನ್ನು ಮನೆಯಿಂದ ಹೊರಗೆ ಹೊರಡಿಸುವುದು ಮೆಂಟರನ ವೇಷದಲ್ಲಿ ಬಂದ ದೇವತೆ ಅಥೀನಾ. ವೇಷ ತೊಟ್ಟು ಬರುವ ದೇವರು ನಮ್ಮ ಕರಾವಳಿಯವರಿಗೆ ಹೊಸಬರಲ್ಲ. ಆದರೆ ಈ ವೇಷ ಮಾಡುವ ಕೆಲಸವನ್ನು ಗಮನಿಸಬೇಕು. ಅಥೀನಾ ಮೊದಲು ಹಡಗನ್ನೂ ನಾವಿಕರನ್ನೂ ಹೊಂದಿಸುತ್ತಾಳೆ. ಆಮೇಲೆ ದಡದಲ್ಲಿ ನಿಂತು ಕೈ ಬೀಸದೆ ತಾನೂ ಹಡಗು ಹತ್ತುತ್ತಾಳೆ. ಪೈಲೊಸ್ ತಲುಪಿದಾಗ ಹುಡುಗ ಹಿಂಜರಿಯುತ್ತಾನೆ: ಮಾತಿನಲ್ಲಿ ನಾನು ಪಳಗಿದವನಲ್ಲ, ಹಿರಿಯರನ್ನು ಕಿರಿಯನು ಪ್ರಶ್ನಿಸುವುದಕ್ಕೆ ಸಂಕೋಚವಾಗುತ್ತದೆ ಎನ್ನುತ್ತಾನೆ. ಅಥೀನಾ ಅವನ ಪರವಾಗಿ ಪ್ರಶ್ನೆ ಕೇಳುವುದಿಲ್ಲ. ನೀನೇ ಕೇಳು ಎಂದು ಧೈರ್ಯ ತುಂಬುತ್ತಾಳೆ, ಅವನೇ ಕೇಳುತ್ತಾನೆ. ಆ ಸಂಜೆಯೇ ಅವಳು ಹದ್ದಿನ ರೂಪದಲ್ಲಿ ಹೊರಟುಹೋಗುತ್ತಾಳೆ, ಮುಂದಿನ ದಾರಿಯನ್ನು ಟೆಲಿಮಾಕಸನು ಅವಳಿಲ್ಲದೆ ರಥದಲ್ಲಿ ಸಾಗುತ್ತಾನೆ.

ಈ ಹೆಸರು ಸಾಮಾನ್ಯ ನಾಮಪದವಾಗಿ ಬಳಕೆಗೆ ಬಂದದ್ದು ಬಹಳ ತಡವಾಗಿ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಮೊಮ್ಮಗನಿಗೆ ಪಾಠ ಹೇಳುತ್ತಿದ್ದ ಫೆನೆಲೋನ್, ಟೆಲಿಮಾಕಸನ ಪ್ರಯಾಣವನ್ನೇ ವಿಸ್ತರಿಸಿ ಬರೆದ ಕಥೆ 1699ರಲ್ಲಿ ಪ್ರಕಟವಾಯಿತು. ಅದು ಯುರೋಪಿನಲ್ಲೆಲ್ಲ ಓದಿಸಿಕೊಂಡ ಮೇಲೆಯೇ ‘ಮೆಂಟರ್’ ಎಂದರೆ ಬುದ್ಧಿ ಹೇಳುವ ಹಿರಿಯ ಎಂಬ ಅರ್ಥ ನೆಲೆಗೊಂಡದ್ದು. ಫೆನೆಲೋನನ ಮೆಂಟರ್ ಪುಟಗಟ್ಟಲೆ ಉಪದೇಶ ಮಾಡುತ್ತಾನೆ. ನಮ್ಮಲ್ಲಿ ಉಳಿದುಕೊಂಡಿರುವುದು ಈ ಉಪದೇಶಕನ ಚಿತ್ರವೇ ಇರಬೇಕು. ಅನುದಾನದ ಅರ್ಜಿಯಲ್ಲಿ ಬೇಕಾಗಿರುವುದು ಹೋಮರನ ಮೆಂಟರ್: ಹಡಗು ಹೊಂದಿಸುವ, ಜೊತೆಗೆ ಬರುವ, ಪ್ರಶ್ನೆಯನ್ನು ಕಿರಿಯರಿಂದಲೇ ಕೇಳಿಸುವ, ಹೊತ್ತಾದಾಗ ಹೊರಟುಹೋಗುವ ವ್ಯಕ್ತಿ.

ಈ ಹೆಸರಿನ ಧಾತುವೂ ನಮಗೆ ಹತ್ತಿರದ್ದು. ಭಾಷಾವಿಜ್ಞಾನಿಗಳು ಇದನ್ನು ‘ಚಿಂತಿಸು’ ಎಂಬ ಅರ್ಥದ ಇಂಡೋ-ಯುರೋಪಿಯನ್ ಮೂಲಕ್ಕೆ ಸೇರಿಸುತ್ತಾರೆ. ಸಂಸ್ಕೃತದ ‘ಮನ್’ ಧಾತು ಅಲ್ಲಿಂದಲೇ ಬಂದದ್ದು. ದಾತೃ, ಕರ್ತೃ ಇದ್ದಂತೆ ‘ಮಂತೃ’ ಎಂದರೆ ಚಿಂತಿಸುವವನು. ಮಂತ್ರ, ಮಂತ್ರಿ ಎಂಬವು ಕೂಡ ಇದೇ ಬಳಗದವು. ಹಳೆಯ ಅರ್ಥದಲ್ಲಿ ಮಂತ್ರಿ ಎಂದರೆ ಆಲೋಚನೆ ಹೇಳುವವನು, ರಾಜ್ಯ ಅವನದಲ್ಲ. ಮೆಂಟರ್ಡ್ ಅನುದಾನದಲ್ಲಿ ಹಿರಿಯರ ಸ್ಥಾನ ಈ ಹಳೆಯ ಅರ್ಥದ ಮಂತ್ರಿಯದು.

ಇನ್ನು ಮೆಂಟರ್ಡ್ ಅನುದಾನಕ್ಕೆ ಕನ್ನಡದಲ್ಲಿ ಬಳಸುವ ‘ಮಾರ್ಗದರ್ಶಿತ ಸಂಶೋಧನಾ ಅನುದಾನ’ ಎಂಬ ಅನುವಾದದ ಬಗ್ಗೆ. ಈ ರಚನೆಯ ವ್ಯಾಕರಣವನ್ನು ಬದಿಗಿಟ್ಟರೂ ವಿಶೇಷಣ ತಪ್ಪು ಜಾಗದಲ್ಲಿ ಅಂಟಿಕೊಂಡಿರುವುದನ್ನು ಬಿಡುವಂತಿಲ್ಲ. ಈ ಯೋಜನೆಗಳ ಪೂರ್ಣ ಹೆಸರಿನಲ್ಲಿ ‘ಮೆಂಟರ್ಡ್’ ಎಂಬುದರ ಭಾರವೆಲ್ಲ ಬೀಳುವುದು ‘ಕೆರಿಯರ್ ಡೆವಲಪ್‌ಮೆಂಟ್’, ಅಂದರೆ ವೃತ್ತಿ ಬೆಳವಣಿಗೆ ಎಂಬ ಮಾತಿನ ಮೇಲೆ. ಹಿರಿಯರ ಕೈ ಹಿಡಿದು ನಡೆಯಬೇಕಾದದ್ದು ಪ್ರಯೋಗವಲ್ಲ, ಪ್ರಯೋಗ ಮಾಡುವವರ ವೃತ್ತಿ. ‘ಕೆರಿಯರ್’ ಎಂಬ ಪದವೇ ಫ್ರೆಂಚಿನ ಮೂಲಕ ಲ್ಯಾಟಿನ್‌ನ ‘ಕಾರುಸ್’, ಅಂದರೆ ಗಾಡಿ ಎಂಬುದರಿಂದ ಬಂದದ್ದು. ಮೊದಲ ಅರ್ಥ ಗಾಡಿ ಹೋಗುವ ದಾರಿ. ಘಟ್ಟದ ಮೇಲಿನವರು ರಸ್ತೆ ಎನ್ನುವುದನ್ನು ದಕ್ಷಿಣ ಕನ್ನಡದವರಾದ ನಾವು ಇವತ್ತಿಗೂ ಮಾರ್ಗ ಎನ್ನುತ್ತೇವೆ: ಮಾರ್ಗ ದಾಟುವಾಗ ಜಾಗ್ರತೆ, ಮಾರ್ಗಕ್ಕೆ ಡಾಮರು ಹಾಕಿದ್ದಾರೆ. ಸಂಸ್ಕೃತದ ಮಾರ್ಗವಾದರೋ ‘ಮೃಗ’ಕ್ಕೆ ನೆಂಟ, ಕಾಡುಪ್ರಾಣಿ ನಡೆದು ಬಿದ್ದ ಜಾಡು ಎಂಬುದು ಅದರ ಒಂದು ಹಳೆಯ ಅರ್ಥ, ಹುಡುಕಾಟ ಎಂಬುದು ಇನ್ನೊಂದು. ಡಾಮರು ಹಾಕಿದ ಮಾರ್ಗವನ್ನು ತೋರಿಸುವುದಕ್ಕೆ ಬೆರಳು ಸಾಕು. ಜಾಡು ಹಿಡಿಯುವುದನ್ನು ಕಲಿಸಬೇಕಾದರೆ ಜೊತೆಯಲ್ಲಿ ನಡೆಯಬೇಕಾಗುತ್ತದೆ. ‘ಮಾರ್ಗದರ್ಶಕ’ ಎಂಬ ಪದವನ್ನು ಬಳಸುವವರು ಈ ಎರಡನೆಯ ಮಾರ್ಗವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನನ್ನ ತಕರಾರಿಲ್ಲ.

ನಿಯಮಗಳು ಈ ಅರ್ಥವನ್ನೇ ಹೇಳುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ, ಅಂದರೆ ಎನ್‌ಐಎಚ್‌ನ ಕೆ08 ಮತ್ತು ಕೆ23 ವೈದ್ಯರಿಗಾಗಿ ಇರುವ ಮೆಂಟರ್ಡ್ ಅನುದಾನಗಳು. ಎರಡನೆಯದು ರೋಗಿಗಳನ್ನೇ ನೇರವಾಗಿ ಒಳಗೊಂಡ ಸಂಶೋಧನೆಗೆ. ಇವು ಆ ದೇಶದ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮೀಸಲು. ಉಡುಪಿಯಲ್ಲಿ ಕುಳಿತವರು ಅರ್ಜಿ ಹಾಕುವಂತಿಲ್ಲದಿದ್ದರೂ ಈ ಪದಗಳ ಅರ್ಥವನ್ನು ಗಟ್ಟಿ ಮಾಡಿದ್ದು ಅವುಗಳ ನಿಯಮಾವಳಿ. ಅದೇ ಸಂಸ್ಥೆಯ ಫೋಗರ್ಟಿ ಕೇಂದ್ರವು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಸಂಶೋಧಕರಿಗಾಗಿ ರೂಪಿಸಿದ್ದು ಕೆ43. ಕೆ ಸಾಲಿನ ಮೆಂಟರ್ಡ್ ಅರ್ಜಿಗಳಲ್ಲಿ ಪರಿಶೀಲಕರು ಅಂಕ ಕೊಡುವುದು ಐದು ವಿಷಯಗಳಿಗೆ: ಅಭ್ಯರ್ಥಿ, ವೃತ್ತಿ ಬೆಳವಣಿಗೆಯ ಯೋಜನೆ, ಸಂಶೋಧನಾ ಯೋಜನೆ, ಮೆಂಟರ್, ಸಂಸ್ಥೆಯ ವಾತಾವರಣ. ಸಂಶೋಧನೆ ಐದರಲ್ಲಿ ಒಂದು ಮಾತ್ರ. ಅಭ್ಯರ್ಥಿಯ ಪರಿಚಯಕ್ಕೂ ಸಂಶೋಧನಾ ಯೋಜನೆಗೂ ಸೇರಿ 12 ಪುಟ, ಮೆಂಟರುಗಳ ಹೇಳಿಕೆಗೆ 6 ಪುಟದವರೆಗೆ ಅವಕಾಶ. ಕೆ08, ಕೆ23ರ ಹಣದಿಂದ ಮೆಂಟರಿಗೆ ಸಂಬಳ ಕೊಡುವಂತಿಲ್ಲ. ‘ಮೆಂಟರ್‌ಗಳಿಗೆ ಅನುದಾನ’ ಎಂದು ಸುತ್ತೋಲೆ ಬರೆಯುವವರು ಈ ಒಂದು ನಿಯಮವನ್ನು ಓದಿದರೂ ಸಾಕಿತ್ತು.

ನಮ್ಮ ದೇಶದಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟೂ ಸೇರಿ 2008ರಲ್ಲಿ ಕಟ್ಟಿದ ಇಂಡಿಯಾ ಅಲಯನ್ಸ್ ಇದಕ್ಕೆ ಹತ್ತಿರದ ಉದಾಹರಣೆ. ವೈದ್ಯರಿಗೂ ಸಾರ್ವಜನಿಕ ಆರೋಗ್ಯ ಸಂಶೋಧಕರಿಗೂ ಅದು ಪ್ರತ್ಯೇಕ ಫೆಲೋಶಿಪ್‌ಗಳನ್ನು ನೀಡುತ್ತ ಬಂದಿದೆ, ಅವಧಿ ಐದು ವರ್ಷ. ಸರ್ಕಾರದ ಕಡತದಲ್ಲಿ ಈ ಕಾರ್ಯಕ್ರಮದ ಹೆಸರು ‘ಬಯೋಮೆಡಿಕಲ್ ರಿಸರ್ಚ್ ಕೆರಿಯರ್ ಪ್ರೋಗ್ರಾಂ’. ಇಲ್ಲಿಯೂ ಕೆರಿಯರ್ ಎಂಬ ಪದ ಹೆಸರಿನಲ್ಲೇ ಇದೆ.

ಫೆಲೋಶಿಪ್ ಎಂಬ ಮಾತೂ ಒಂದು ಎಡವಟ್ಟು ಮಾಡುತ್ತದೆ. ಎಂಡಿ ಮುಗಿಸಿದವರು ‘ಫೆಲೋಶಿಪ್ ಮಾಡಿದೆ’ ಎನ್ನುವಾಗ ಅದು ಎಂಡೋಸ್ಕೋಪಿಯಲ್ಲೋ ಮಧುಮೇಹ ಚಿಕಿತ್ಸೆಯಲ್ಲೋ ಪಡೆದ ಹೆಚ್ಚುವರಿ ತರಬೇತಿ. ಸಂಶೋಧನಾ ಫೆಲೋಶಿಪ್ ಬೋರ್ಡಿನ ಮೇಲೆ ಹೆಸರಿನ ಮುಂದೆ ಬರೆಯಿಸಿಕೊಳ್ಳುವ ಸಂಗತಿಯಲ್ಲ. ಅದು ಸಂಬಳವೂ ಸಂಶೋಧನೆಯ ಖರ್ಚೂ ಸೇರಿದ ಅನುದಾನ. ಇಷ್ಟು ಸಾಕು.

ಹೆಚ್ಚು ಹೇಳಬೇಕಾದದ್ದು ‘ಪ್ರೊಟೆಕ್ಟೆಡ್ ಟೈಮ್’, ಅಂದರೆ ಸಂಶೋಧನೆಗೆಂದೇ ಕಾಯ್ದಿಡುವ ಸಮಯದ ಬಗ್ಗೆ, ಏಕೆಂದರೆ ಮೆಂಟರ್ಡ್ ಎಂಬ ಪದದ ಇನ್ನರ್ಧ ಅಲ್ಲಿದೆ. ಕೆ08 ಅಥವಾ ಕೆ23 ಪಡೆದವರು ತಮ್ಮ ಪೂರ್ಣಾವಧಿ ದುಡಿಮೆಯ ಕನಿಷ್ಠ 75 ಶೇಕಡಾವನ್ನು ಸಂಶೋಧನೆಗೂ ಅದರ ಕಲಿಕೆಗೂ ಕೊಡಬೇಕು. ಶಸ್ತ್ರಚಿಕಿತ್ಸಕರಿಗೆ ಎನ್‌ಐಎಚ್‌ನ ಕೆಲವು ವಿಭಾಗಗಳು 50 ಶೇಕಡಾಕ್ಕೆ ಒಪ್ಪುತ್ತವೆ. ಆರು ದಿನದ ವಾರವಾದರೆ ನಾಲ್ಕೂವರೆ ದಿನ ಸಂಶೋಧನೆಗೆ. ಒಪಿಡಿ, ವಾರ್ಡ್, ಪಾಠ, ಪರೀಕ್ಷೆ, ರಾತ್ರಿ ಡ್ಯೂಟಿ ಎಲ್ಲವೂ ಉಳಿದ ಒಂದೂವರೆ ದಿನದಲ್ಲಿ ಮುಗಿಯಬೇಕು. ನಮ್ಮ ಊರಿನ ವೈದ್ಯರ ಸಂಜೆಯ ಕ್ಲಿನಿಕ್ಕನ್ನೂ ಲೆಕ್ಕಕ್ಕೆ ಹಿಡಿದರೆ ಇದು ಸಣ್ಣ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲಿಜ್ವರ, ಡೆಂಗಿ, ಮಲೇರಿಯಾ ಒಟ್ಟಿಗೆ ಬಂದು ವಾರ್ಡಿನಲ್ಲಿ ಹಾಸಿಗೆ ಸಾಲದಾದಾಗ ಕಿರಿಯ ವೈದ್ಯೆಯೊಬ್ಬರು ‘ನನಗೆ ಇವತ್ತು ಸಂಶೋಧನೆಯ ದಿನ’ ಎಂದು ಹೇಳಿ ಪ್ರಯೋಗಾಲಯಕ್ಕೆ ಹೋಗಲು ಸಾಧ್ಯವೇ? ಒಬ್ಬರೇ ಹೇಳಿದರೆ ಸಾಧ್ಯವಿಲ್ಲ. ಡ್ಯೂಟಿ ಪಟ್ಟಿ ಬರೆಯುವವರ ಎದುರು ಅವರ ಪರವಾಗಿ ನಿಲ್ಲುವ ಹಿರಿಯರೊಬ್ಬರು ಬೇಕು, ಸಂಸ್ಥೆಯ ಲಿಖಿತ ಒಪ್ಪಿಗೆಯೂ ಬೇಕು. ಪ್ರೊಟೆಕ್ಟೆಡ್ ಎಂದರೆ ಕಾಯ್ದ ಸಮಯ. ಕಾಯುವವರಿಲ್ಲದೆ ಯಾವುದೂ ಕಾಯ್ದದ್ದಾಗುವುದಿಲ್ಲ. ಅರ್ಜಿ ಹಾಕುವವರು ಮೆಂಟರನ್ನು ಆರಿಸುವಾಗ ಪ್ರಕಟಣೆಗಳ ಸಂಖ್ಯೆಯ ಜೊತೆಗೆ ಈ ಒಂದು ಶಕ್ತಿ ಅವರಿಗಿದೆಯೇ ಎಂದು ನೋಡಬೇಕು.

ಮುಖ್ಯಸ್ಥರು ಮೆಂಟರ್ ಆಗಬಾರದೆಂದಲ್ಲ. ಆದರೆ ಮೆಂಟರ್ ಅದೇ ವಿಭಾಗದವರಾಗಬೇಕೆಂಬ ನಿಯಮವಿಲ್ಲ, ಒಬ್ಬರೇ ಆಗಬೇಕೆಂದೂ ಇಲ್ಲ. ಇಲಿಜ್ವರದಲ್ಲಿ ಮೂತ್ರಪಿಂಡ ಏಕೆ ಕೆಲವರಲ್ಲಿ ಮಾತ್ರ ಸೋಲುತ್ತದೆ ಎಂದು ಕೇಳುವ ವೈದ್ಯೆಗೆ ಸೂಕ್ಷ್ಮಜೀವಿಶಾಸ್ತ್ರಜ್ಞರೊಬ್ಬರು, ನೆಫ್ರಾಲಜಿಸ್ಟ್ ಒಬ್ಬರು, ಸಂಖ್ಯಾಶಾಸ್ತ್ರ ಬಲ್ಲವರೊಬ್ಬರು ಬೇಕಾಗಬಹುದು. ಯಾರಿಂದ ಏನನ್ನು, ಯಾವ ವರ್ಷ, ಹೇಗೆ ಕಲಿಯುತ್ತೇನೆ ಎಂದು ಬರೆಯುವುದೇ ವೃತ್ತಿ ಬೆಳವಣಿಗೆಯ ಯೋಜನೆ. ನಾನು ಓದಿದ ಅರ್ಜಿಗಳ ಕರಡುಗಳಲ್ಲಿ ಅತಿ ಬಡಕಲಾಗಿರುವ ಭಾಗ ಯಾವಾಗಲೂ ಇದು. ಕಾರಣ ನಾಚಿಕೆ. ‘ನನಗೆ ಇದು ಗೊತ್ತಿಲ್ಲ’ ಎಂದು ಬರೆದರೆ ಅನರ್ಹರೆಂದು ತಿಳಿಯುತ್ತಾರೇನೋ ಎಂಬ ಅಂಜಿಕೆಯಿಂದ ಎಲ್ಲವೂ ಗೊತ್ತಿರುವಂತೆ ಬರೆಯುತ್ತಾರೆ. ಎಲ್ಲವೂ ಗೊತ್ತಿದ್ದವರಿಗೆ ಮೆಂಟರ್ ಏಕೆ ಎಂದು ಪರಿಶೀಲಕರು ಕೇಳಿಯೇ ಕೇಳುತ್ತಾರೆ.

ಇಲಿಜ್ವರದ ಈ ಪ್ರಶ್ನೆ ಹೊತ್ತ ಕರಡೊಂದು ನಿಜವಾಗಿಯೂ ನನ್ನ ಮೇಜಿಗೆ ಬಂದಿತ್ತು. ಸಂಶೋಧನಾ ಯೋಜನೆ ಅಚ್ಚುಕಟ್ಟಾಗಿತ್ತು. ಮೆಂಟರ್ ಪತ್ರ ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು: ಇವರು ಪರಿಶ್ರಮಿ, ಪ್ರಾಮಾಣಿಕರು, ವಿಧೇಯರು, ಇವರಿಗೆ ಎಲ್ಲ ಸಹಕಾರ ನೀಡಲಾಗುವುದು. ಪತ್ರವನ್ನು ಬರೆದದ್ದು ಅಭ್ಯರ್ಥಿಯೇ, ಹಿರಿಯರು ಸಹಿ ಹಾಕಿದ್ದರು. ನಮ್ಮಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಇಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ‘ವಿಧೇಯ’ ಎಂಬ ಪದವನ್ನು ಮೊದಲು ಹೊಡೆದುಹಾಕಿ ಎಂದೆ. ಹೇಳಿದ್ದನ್ನು ಮಾಡುವವರು ಎಂದು ಮೆಂಟರೇ ಬರೆದುಕೊಟ್ಟರೆ ಸ್ವತಂತ್ರ ಸಂಶೋಧಕಿಯಾಗುವ ಲಕ್ಷಣ ಇವರಲ್ಲಿ ಕಂಡಿಲ್ಲ ಎಂದೇ ಓದುವವರು ಅರ್ಥಮಾಡಿಕೊಳ್ಳುತ್ತಾರೆ. ಆಮೇಲೆ ಹಿರಿಯರನ್ನು ಕಂಡು ಮಾತನಾಡಿದೆ. ‘ನನಗೆ ಏನು ಬರೆಯಬೇಕೆಂದೇ ಯಾರೂ ಹೇಳಿರಲಿಲ್ಲ ಮಾರಾಯ್ರೆ’ ಎಂದರು ಅವರು, ಮತ್ತು ಒಂದು ವಾರದಲ್ಲಿ ತಾವೇ ಕುಳಿತು ಐದು ಪುಟ ಬರೆದರು. ಹಿಂದೆ ತಮ್ಮ ಕೈಕೆಳಗೆ ಬೆಳೆದವರು ಈಗ ಎಲ್ಲೆಲ್ಲಿ ಸ್ವಂತ ಗುಂಪು ಕಟ್ಟಿದ್ದಾರೆ ಎಂಬ ವಿವರ ಅದರಲ್ಲಿತ್ತು. ಪ್ರತಿ ಮಂಗಳವಾರ ಸಂಜೆ ನಾಲ್ಕಕ್ಕೆ ಭೇಟಿ, ಆ ಹೊತ್ತಿನಲ್ಲಿ ಅಭ್ಯರ್ಥಿಗೆ ವಾರ್ಡಿನ ಕರೆ ಬಂದರೆ ಹೋಗುವವರು ಯಾರು ಎಂಬುದೂ ಇತ್ತು. ಕೊನೆಯ ಪುಟದಲ್ಲಿ, ‘ನಾನು ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ರೋಗಪತ್ತೆಯ ವಿಷಯಕ್ಕೆ ಇವರ ಪ್ರಶ್ನೆ ಸೇರಿದ್ದಲ್ಲ, ಐದು ವರ್ಷದಲ್ಲಿ ಸಂಗ್ರಹವಾಗುವ ಸೀರಂ ಮಾದರಿಗಳೂ ದತ್ತಾಂಶವೂ ಇವರ ಹೆಸರಿನಲ್ಲೇ ಇರುತ್ತವೆ, ಅವುಗಳ ಮೇಲೆ ಮುಂದಿನ ಅನುದಾನಕ್ಕೆ ಇವರು ನನ್ನ ಹೆಸರಿಲ್ಲದೆ ಅರ್ಜಿ ಹಾಕಬಹುದು’ ಎಂದು ಅವರು ತಮ್ಮ ಕೈಯಿಂದಲೇ ಸೇರಿಸಿದ್ದರು.