ಸೋತ ಸಿದ್ಧಾಂತದ ಋಣ

1940ರ ದಶಕದ ಖಗೋಳ ವಿಜ್ಞಾನಿಗಳ ಲೆಕ್ಕದಲ್ಲಿ ದೊಡ್ಡದೊಂದು ಎಡವಟ್ಟಿತ್ತು. ಗೆಲಾಕ್ಸಿಗಳು ದೂರವಿದ್ದಷ್ಟೂ ವೇಗವಾಗಿ ಸರಿಯುತ್ತಿವೆ ಎಂದು 1929ರಲ್ಲಿ ಎಡ್ವಿನ್ ಹಬಲ್ ತೋರಿಸಿದ್ದರು. ಅವರ ಅಳತೆ ಹಿಡಿದು ಹಿಂದಕ್ಕೆ ಎಣಿಸಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಎಂದಾಗುತ್ತಿತ್ತು. ಭೂಮಿಯ ವಯಸ್ಸೋ ಅದಕ್ಕಿಂತ ಹೆಚ್ಚು. ತಾಯಿಗಿಂತ ಮಗಳೇ ಹಿರಿಯಳು ಎಂದಂತಾಯಿತು!

ವಿಶ್ವಕ್ಕೆ ಆರಂಭವಿತ್ತೇ ಎಂಬ ಜಗಳ ಕಾವೇರಲು ಈ ಎಡವಟ್ಟೂ ಒಂದು ಕಾರಣ. ಬೆಲ್ಜಿಯಂನ ಪಾದ್ರಿಯೂ ಭೌತವಿಜ್ಞಾನಿಯೂ ಆಗಿದ್ದ ಜಾರ್ಜ್ ಲೆಮೈತ್ರ್, ಇಡೀ ವಿಶ್ವ ಒಂದು 'ಆದಿಮ ಪರಮಾಣು'ವಿನಿಂದ ಹೊರಟಿತು ಎಂದು 1931ರಲ್ಲಿ ಹೇಳಿದ್ದರು. ಕೇಂಬ್ರಿಜ್‌ನ ಫ್ರೆಡ್ ಹಾಯ್ಲ್, ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ 1948ರಲ್ಲಿ ಬೇರೆಯದೇ ದಾರಿ ಹಿಡಿದರು. ವಿಶ್ವ ಹಿಗ್ಗುತ್ತಿರುವುದು ನಿಜ, ಆದರೆ ತೆರವಾದ ಜಾಗದಲ್ಲಿ ಹೊಸ ದ್ರವ್ಯ ಹುಟ್ಟುತ್ತಲೇ ಇರುತ್ತದೆ, ಹಾಗಾಗಿ ಎಂದು ನೋಡಿದರೂ ವಿಶ್ವ ಹೀಗೆಯೇ ಕಾಣುತ್ತದೆ ಎಂದರು. ಆರಂಭವೇ ಇಲ್ಲವೆಂದ ಮೇಲೆ ವಯಸ್ಸಿನ ತಕರಾರೂ ಇಲ್ಲ. ಇದು 'ಸ್ಥಿರಸ್ಥಿತಿ ಸಿದ್ಧಾಂತ'. ಎದುರು ಪಕ್ಷಕ್ಕೆ 'ಬಿಗ್ ಬ್ಯಾಂಗ್' (ಮಹಾಸ್ಫೋಟ) ಎಂಬ ಹೆಸರು ಬಂದದ್ದೂ ಹಾಯ್ಲ್ ಬಾಯಿಂದಲೇ, 1949ರ ಮಾರ್ಚ್‌ನ ಬಿಬಿಸಿ ರೇಡಿಯೊ ಭಾಷಣದಲ್ಲಿ.

ಅದೇ 1948ರಲ್ಲಿ ಅಮೆರಿಕದಲ್ಲಿ ಜಾರ್ಜ್ ಗ್ಯಾಮೊ ಮತ್ತು ಅವರ ಶಿಷ್ಯ ರಾಲ್ಫ್ ಆಲ್ಫರ್, ಎಲ್ಲ ಮೂಲವಸ್ತುಗಳೂ ಮೊದಲ ಕೆಲವು ನಿಮಿಷಗಳ ಕುದಿಯಲ್ಲೇ ಬೆಂದವು ಎಂದು ವಾದಿಸಿದರು. ಆ ಶಾಖದ ಉಳಿಕೆ ಇಂದಿಗೂ ಸುಮಾರು 5 ಕೆಲ್ವಿನ್‌ನಷ್ಟು (ಮೈನಸ್ 268 ಡಿಗ್ರಿ ಸೆಲ್ಸಿಯಸ್) ಇರಬೇಕೆಂದು ಆಲ್ಫರ್ ಮತ್ತು ರಾಬರ್ಟ್ ಹರ್ಮನ್ ಲೆಕ್ಕ ಹಾಕಿದರು. ಅದನ್ನು ಹುಡುಕುವ ಗೋಜಿಗೆ ಹೋದವರು ಕಡಿಮೆ.

ಗ್ಯಾಮೊ ಅರ್ಧ ಮಾತ್ರ ಸರಿ. ಹೀಲಿಯಂ ದಾಟಿ ಮುಂದಕ್ಕೆ ಆ ಅಡುಗೆ ಸಾಗುವುದಿಲ್ಲ; 5 ಮತ್ತು 8 ಕಣಗಳ ನ್ಯೂಕ್ಲಿಯಸ್‌ಗಳು ನಿಲ್ಲದೆ ಒಡೆದುಹೋಗುತ್ತವೆ. ಹಾಯ್ಲ್ ಅವರಿಗೋ ಬಿಸಿಯಾದ ಆರಂಭವೇ ಬೇಡವಾಗಿತ್ತು. ಹಾಗಾದರೆ ಭಾರದ ಮೂಲವಸ್ತುಗಳು ಬೆಂದದ್ದೆಲ್ಲಿ? ನಕ್ಷತ್ರಗಳ ಒಡಲಲ್ಲಿ ಎಂದು ಅವರು, ಬರ್ಬಿಜ್ ದಂಪತಿ ಮತ್ತು ವಿಲಿಯಂ ಫೌಲರ್ ಜೊತೆಗೂಡಿ 1957ರಲ್ಲಿ ವಿವರವಾಗಿ ತೋರಿಸಿದರು. ನಮ್ಮ ರಾಗಿಯ ಕಬ್ಬಿಣ, ಕ್ಯಾಲ್ಸಿಯಂಗಳು ನಕ್ಷತ್ರದ ಒಲೆಯಲ್ಲಿ ಬೆಂದವು ಎಂದು ಇಂದು ನಾವು ಧೈರ್ಯವಾಗಿ ಹೇಳುವುದು ಆ ಕೆಲಸದ ಬಲದಿಂದ. ಸ್ಥಿರಸ್ಥಿತಿಯನ್ನು ಬರೀ ತಪ್ಪು ಎಂದು ಬರೆದು ಮುಗಿಸುವ ಪಠ್ಯಗಳು ನನಗೆ ಅನ್ಯಾಯವೆನಿಸುವುದು ಇದಕ್ಕೇ.

ಇತ್ತ ವಯಸ್ಸಿನ ಎಡವಟ್ಟು ತಾನೇ ಸಡಿಲವಾಯಿತು. ದೂರದ ಅಳತೆಯೇ ತಪ್ಪಿತ್ತೆಂದು ವಾಲ್ಟರ್ ಬಾಡೆ 1952ರಲ್ಲಿ ಸಾರಿದರು. ವಿಶ್ವದ ವಯಸ್ಸು ಒಮ್ಮೆಗೇ ಇಮ್ಮಡಿಯಾಯಿತು. ದೂರದಲ್ಲಿ, ಅಂದರೆ ಹಳೆಯ ಕಾಲದಲ್ಲಿ, ರೇಡಿಯೊ ಆಕರಗಳು (ರೇಡಿಯೊ ಅಲೆ ಹೊಮ್ಮಿಸುವ ಕಾಯಗಳು) ಹೆಚ್ಚಿವೆ, ಅಂದರೆ ವಿಶ್ವ ಎಂದೂ ಹೀಗೆಯೇ ಇರಲಿಲ್ಲ ಎಂದು ರೇಡಿಯೊ ಖಗೋಳ ವಿಜ್ಞಾನಿ ಮಾರ್ಟಿನ್ ರೈಲ್ 1961ರಲ್ಲಿ ಮಂಡಿಸಿದಾಗ, ಹಾಯ್ಲ್ ಪರವಾಗಿ ಲಂಡನ್ನಿನ ಸಭೆಯಲ್ಲಿ ಉತ್ತರ ಕೊಟ್ಟವರು ಅವರ ಸಂಶೋಧನಾ ವಿದ್ಯಾರ್ಥಿ, ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರ್ಳೀಕರ್.

ಕೊನೆಯ ಪೆಟ್ಟು ಬಿದ್ದದ್ದು ನ್ಯೂಜೆರ್ಸಿಯ ಹೋಲ್ಮ್‌ಡೆಲ್‌ನಲ್ಲಿ. ಬೆಲ್ ಪ್ರಯೋಗಾಲಯದ ಆರ್ನೊ ಪೆನ್ಜಿಯಸ್ ಮತ್ತು ರಾಬರ್ಟ್ ವಿಲ್ಸನ್ ಅವರ ಆಂಟೆನಾದಲ್ಲಿ 1964ರಲ್ಲಿ ಒಂದು ಗುಂಯ್ ಸದ್ದು. ಎತ್ತ ತಿರುಗಿಸಿದರೂ, ಹಗಲಾದರೂ ರಾತ್ರಿಯಾದರೂ ಅದು ಅಷ್ಟೇ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೊಳೆದರೂ ಹೋಗಲಿಲ್ಲ. ಆಲ್ಫರ್ ಮತ್ತು ಹರ್ಮನ್ ಲೆಕ್ಕ ಹಾಕಿದ್ದ ಅದೇ ಉಳಿಕೆ ಶಾಖ, ಸುಮಾರು 3 ಕೆಲ್ವಿನ್. ಕಾಯಿಲೆ ಬಿದ್ದಿದ್ದ ಲೆಮೈತ್ರ್ ಅವರಿಗೆ ಈ ಸುದ್ದಿ ಮುಟ್ಟಿತು. 1966ರ ಜೂನ್‌ನಲ್ಲಿ ಅವರು ತೀರಿಕೊಂಡರು. ಹಾಯ್ಲ್ ಮತ್ತು ನಾರ್ಳೀಕರ್ ಮಾತ್ರ ಮಣಿಯಲಿಲ್ಲ. 1993ರಲ್ಲಿ ಜೆಫ್ರಿ ಬರ್ಬಿಜ್ ಜೊತೆ ತಿದ್ದಿದ ರೂಪವೊಂದನ್ನು ಮುಂದಿಟ್ಟರು; ಅದನ್ನು ಒಪ್ಪಿದವರು ಕೆಲವರೇ.

ವಿಶ್ವದ ವಯಸ್ಸು ಇಂದಿನ ಲೆಕ್ಕದಲ್ಲಿ 1380 ಕೋಟಿ ವರ್ಷ. ಆದರೆ ಮಹಾಸ್ಫೋಟ ಸಿದ್ಧಾಂತ ಖಚಿತವಾಗಿ ಹೇಳುವುದು ಕುದಿಯುತ್ತಿದ್ದ ದಟ್ಟ ಸ್ಥಿತಿಯಿಂದ ಈಚಿನ ಕಥೆಯನ್ನು. ಅದಕ್ಕೂ ಆಚೆ, ಕಾಲಕ್ಕೆ ಅಂಚೇ ಇಲ್ಲ ಎಂದು 1983ರಲ್ಲಿ ಹಾರ್ಟಲ್ ಮತ್ತು ಹಾಕಿಂಗ್ ಹೇಳಿದರು. ಹಿಂದಿನ ಯುಗದ ಕೊನೆಯೇ ನಮ್ಮ ಯುಗದ ಮೊದಲು ಎನ್ನುತ್ತಾರೆ ರೋಜರ್ ಪೆನ್ರೋಸ್. ಹೋಲ್ಮ್‌ಡೆಲ್‌ನಲ್ಲಿ ಕೇಳಿಸಿದಂಥ ಸಾಕ್ಷಿ ಈ ಎರಡಕ್ಕೂ ಇನ್ನೂ ಸಿಕ್ಕಿಲ್ಲ.