ಪುನರ್ವಸು ಮಳೆಯಲ್ಲೂ ಕಾಣುವ ಕ್ಯಾಮೆರಾ

ಅಡಿಕೆ ಸುಗ್ಗಿ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಂಗಳಕ್ಕೆ ಕಾವಲು ಬೇಕು. ಬೇಯಿಸಿ ಒಣಹಾಕಿದ ರಾಶಿ ಅಡಿಕೆ ಎಂದರೆ ಇಡೀ ವರ್ಷದ ದುಡಿಮೆ. ಮೊದಲು ಜಗಲಿಯಲ್ಲಿ ಮಲಗುವ ಹುಡುಗರಿದ್ದರು, ನಾಯಿ ಇತ್ತು. ಈಗ ನಾಯಿ ಇದೆ, ಹುಡುಗರು ಬೆಂಗಳೂರಲ್ಲಿದ್ದಾರೆ. ಹಾಗಾಗಿ ವೈಫೈ ಕ್ಯಾಮೆರಾ.

ಚಳಿಗಾಲದಲ್ಲಿ ತಂದು ಹಾಕಿದ್ದು ಬೇಸಿಗೆ ಮುಗಿಯುವವರೆಗೆ ಚೆನ್ನಾಗೇ ಕಾಣುತ್ತದೆ. ಜೂನ್ ಬಂದಮೇಲೆ ತಕರಾರು ಶುರು. ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಎಷ್ಟು ಅಂತ ಹೇಳುತ್ತಾರೆ, ನಾವೂ ಅದನ್ನೇ ಕೇಳುತ್ತೇವೆ. ಆದರೆ ಆಗುಂಬೆಯಂಥ, ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಕಡೆ ಕೇಳಬೇಕಾದದ್ದು ಬೇರೆ: ನೀರಿನ ಮುಂದೆ ಇದು ಎಷ್ಟು ತಾಳುತ್ತದೆ?

ರಾತ್ರಿಯ ಚಿತ್ರವನ್ನೇ ತಗೊಳ್ಳಿ. ಕತ್ತಲಾದಾಗ ಕ್ಯಾಮೆರಾದೊಳಗೆ ಟಕ್ ಅಂತ ಸಣ್ಣ ಸದ್ದು ಬರುತ್ತದಲ್ವಾ? ಹಗಲಲ್ಲಿ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತಿದ್ದ ಫಿಲ್ಟರ್ ಆಗ ಪಕ್ಕಕ್ಕೆ ಸರಿಯುತ್ತದೆ. ಲೆನ್ಸ್ ಸುತ್ತಲಿನ ಎಲ್‌ಇಡಿಗಳು ನಮ್ಮ ಕಣ್ಣಿಗೆ ಕಾಣದ ಬೆಳಕು ಚೆಲ್ಲುತ್ತವೆ. 850 ನ್ಯಾನೋಮೀಟರ್ ಅಲೆಯುದ್ದದ ಎಲ್‌ಇಡಿ ಹತ್ತಿರ ಹೋದರೆ ಮಂದ ಕೆಂಪಾಗಿ ಕಾಣುತ್ತದೆ. 940ರದ್ದು ಕಾಣುವುದೇ ಇಲ್ಲ, ಆದರೆ ಸೆನ್ಸರ್‌ಗೂ ಅದು ಕಡಿಮೆ ಕಾಣುತ್ತದೆ, ದೂರ ಮುಟ್ಟುವುದಿಲ್ಲ. ಅಂಗಳ ದೊಡ್ಡದಿದ್ದರೆ 850 ವಾಸಿ.

ಇಲ್ಲಿಗೆ ಮಳೆ ಬರಲಿ. ಹತ್ತು ಮೀಟರ್ ದೂರದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ, ಲೆನ್ಸ್‌ನಿಂದ 20 ಸೆಂಟಿಮೀಟರ್‌ನಲ್ಲಿ ಒಂದು ಹನಿ ಬೀಳುತ್ತಿದೆ ಅಂದುಕೊಳ್ಳಿ. ಹನಿ 50 ಪಟ್ಟು ಹತ್ತಿರ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ, ಅದರ ಮೇಲೆ ಬೀಳುವ ಬೆಳಕು 2,500 ಪಟ್ಟು ಜಾಸ್ತಿ. ಹನಿ ಬಿಳಿಗೆರೆಯಾಗಿ ಹೊಳೆಯುತ್ತದೆ, ಮನುಷ್ಯ ಕಪ್ಪಿನಲ್ಲಿ ಕರಗುತ್ತಾನೆ. ಮಂಜಿದ್ದರೆ ಪರದೆ ಪೂರ್ತಿ ಬಿಳಿ. ಲೆನ್ಸ್ ಮುಂದೆ ಬಲೆ ಕಟ್ಟಿದ ಜೇಡ ಅಂತೂ ರಾತ್ರಿಯಿಡೀ ಸಿನಿಮಾ ಹೀರೋ. ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಇದು ತಪ್ಪುವುದಿಲ್ಲ. ಬೆಳಕನ್ನು ಕ್ಯಾಮೆರಾದಿಂದ ದೂರ ಇಡುವುದೇ ದಾರಿ. ನಾಲ್ಕಾರು ಅಡಿ ಆಚೆ ಒಂದು ಸಾಧಾರಣ ಎಲ್‌ಇಡಿ ಬಲ್ಬ್ ಉರಿಸಿ, ಕ್ಯಾಮೆರಾದ ಸ್ವಂತ ಇನ್‌ಫ್ರಾರೆಡ್ ಆಫ್ ಮಾಡಿ. ಹಾಗೆ ಆಫ್ ಮಾಡಲು ಬಿಡುವ ಮಾಡೆಲ್ಲನ್ನೇ ಆರಿಸಿ. ಕ್ಯಾಮೆರಾ ಮಾಡಿನ ಅಂಚಿಗಿಂತ ಒಂದೆರಡು ಅಡಿ ಒಳಗಿದ್ದರೆ ಎರಚಲೂ ಕಡಿಮೆ. ಮಳೆಗಾಲಕ್ಕೆ ಜಗಲಿಗೆ ಸೋಗೆ ತಟ್ಟಿ ಕಟ್ಟುವ ಮನೆಯವರು ಜಾಗ ಗುರುತು ಮಾಡುವಾಗ ಅದನ್ನೂ ನೆನಪಿಟ್ಟುಕೊಳ್ಳಬೇಕು.

ಮಳೆ ಬಂದರೆ ವೈಫೈ ಸಿಗಲ್ಲ ಎಂಬ ದೂರು ಅರ್ಧ ನಿಜ. ಮನೆಯ ಕ್ಯಾಮೆರಾಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಅಲೆ ಬಳಸುತ್ತವೆ. ಅದರ ಅಲೆಯುದ್ದ ಸುಮಾರು 12.5 ಸೆಂಟಿಮೀಟರ್. ಬೀಳುವ ಹನಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ತೊಂದರೆ ಕೊಡುವುದು ಒದ್ದೆಯಾದ ಗೋಡೆ ಮತ್ತು ಎಲೆ. ನೀರು ಕುಡಿದ ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ, ನೆನೆದ ಅಡಿಕೆ ಸೋಗೆ ಈ ಅಲೆಯನ್ನು ಚೆನ್ನಾಗಿ ನುಂಗುತ್ತವೆ. 5 ಗಿಗಾಹರ್ಟ್ಸ್ ಆದರೆ ಇನ್ನೂ ಬೇಗ ಸೋಲುತ್ತದೆ. ಫೋನಿನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಕ್ಯಾಮೆರಾ ಕೂರುವ ಜಾಗದಲ್ಲೇ ನೋಡಿ. ಸಿಗ್ನಲ್ಲಿನ ಬಲವನ್ನು ಅದು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 65 ಡಿಬಿಎಂ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 80 ಆದರೆ ಬೇಡ. ಮಾರ್ಚ್‌ನಲ್ಲಿ ಅಳೆದಿದ್ದರೆ ಜುಲೈಗೆ ಇನ್ನಷ್ಟು ಇಳಿಯುತ್ತದೆ ಅಂತಲೇ ಇಟ್ಟುಕೊಳ್ಳಿ. ಕೊಟ್ಟಿಗೆಯೋ ಅಡಿಕೆ ಮನೆಯೋ ದೂರವಿದ್ದರೆ ಕೇಬಲ್ ಎಳೆದು ಅಲ್ಲೇ ಇನ್ನೊಂದು ವೈಫೈ ಪೆಟ್ಟಿಗೆ ಇಡುವುದು ಗಟ್ಟಿ ಕೆಲಸ.

ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ, ಪೆಟ್ಟಿಗೆಯ ಮೇಲಿನ ಐಪಿ ಅಂಕಿಯ ಬಗ್ಗೆ ಒಂದು ಗೊಂದಲ ಇದೆ. ಐಪಿ66 ಅಂದರೆ ಜೋರಾಗಿ ಚಿಮ್ಮುವ ನೀರನ್ನು ತಡೆದಿದೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಉಳಿದಿದೆ. ಪರೀಕ್ಷೆಗಳೇ ಬೇರೆ. 67 ದೊಡ್ಡ ಅಂಕಿ ಅಂತ 66ಕ್ಕಿಂತ ಮೇಲಲ್ಲ; ಎರಚಲಿಗೆ ನಾನು 66 ಕೇಳುತ್ತೇನೆ. ಈ ಎರಡೂ ಗಾಳಿಯ ಥಂಡಿಯ, ಅಂದರೆ ತೇವದ ಬಗ್ಗೆ ಏನೂ ಹೇಳುವುದಿಲ್ಲ. ಕ್ಯಾಮೆರಾ ಬಿಸಿಯಾಗಿ ತಣಿದಾಗಲೆಲ್ಲ ಸಂದಿಯಿಂದ ತೇವದ ಗಾಳಿ ಒಳಗೆಳೆದುಕೊಳ್ಳುತ್ತದೆ, ಗಾಜಿನ ಒಳಮೈ ಬೆವರುತ್ತದೆ. ದಿನವಿಡೀ ಆನ್ ಇರುವ ಕ್ಯಾಮೆರಾ ತನ್ನ ಬಿಸಿಯಿಂದಲೇ ಸ್ವಲ್ಪ ಪಾರಾಗುತ್ತದೆ. ಹಿಂದೆ ಬಾಲದಂತೆ ನೇತಾಡುವ ವೈರಿನ ಜೋಡಣೆಗೆ ಬೇರೆ ಪ್ಲಾಸ್ಟಿಕ್ ಡಬ್ಬಿ ಬೇಕು. ಕೆಡುವುದು ಮೊದಲು ಅದೇ.

ಮೆಗಾಪಿಕ್ಸೆಲ್ ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ಎಷ್ಟು ಅಗಲಕ್ಕೆ ಹಂಚುತ್ತೀರಿ ಅನ್ನುವುದು ಮುಖ್ಯ. ಗುರುತಿಲ್ಲದವನ ಮುಖ ಪತ್ತೆ ಹಚ್ಚಲು ಮೀಟರಿಗೆ 250 ಪಿಕ್ಸೆಲ್ ಬೇಕು ಅನ್ನುವುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಸುವ ಲೆಕ್ಕ. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1,920 ಪಿಕ್ಸೆಲ್. ಅಲ್ಲಿಗೆ ಏಳೂವರೆ ಮೀಟರ್ ಅಗಲದ ದೃಶ್ಯವಷ್ಟೇ. 90 ಡಿಗ್ರಿ ಲೆನ್ಸ್ ಆದರೆ ನಾಲ್ಕು ಮೀಟರ್ ದೂರಕ್ಕೇ ಆ ಅಗಲ ಮುಗಿದುಹೋಗುತ್ತದೆ. ಅಂಗಳ, ತೋಟ, ದಣಪೆ (ಬೇಲಿಯ ಬಾಗಿಲು) ಎಲ್ಲ ಒಂದೇ ಕ್ಯಾಮೆರಾದಲ್ಲಿ ಬರಲಿ ಅಂದರೆ ಸಿಗುವುದು ಯಾರೋ ನಡೆದಾಡಿದ ವಿಡಿಯೋ, ಅಷ್ಟೇ. ಒಂದನ್ನು ದಣಪೆಗೆ ಹತ್ತಿರದಲ್ಲಿ, ತಲೆಗಿಂತ ಸ್ವಲ್ಪ ಮೇಲೆ ಇಡಿ.

ವಿಡಿಯೋ ಎಲ್ಲಿ ಉಳಿಯುತ್ತದೆ? ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ 0.9 ಜಿಬಿ, ದಿನಕ್ಕೆ 21.6 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಲಾನ್ ಎರಡು ಗಂಟೆಯೂ ಬಾರದು. ಆದ್ದರಿಂದ ಒಳಗೆ ಮೆಮೊರಿ ಕಾರ್ಡ್ ಇರಲೇಬೇಕು, ಅದೂ ಸದಾ ಬರೆದು ಅಳಿಸಲೆಂದೇ ಮಾಡಿದ ಹೈ ಎಂಡ್ಯೂರೆನ್ಸ್ ಕಾರ್ಡ್. ಫೋನಿನ ಹಳೇ ಕಾರ್ಡ್ ಬೇಡ.

ಕರೆಂಟಿನ ಕಥೆ ನಿಮಗೆ ಗೊತ್ತು. ಸೋಲಾರ್ ಕ್ಯಾಮೆರಾ ತಗೊಂಡರೆ ಆಯ್ತಲ್ವಾ ಅನ್ನುತ್ತಾರೆ. ಆರಿದ್ರೆ, ಪುನರ್ವಸು ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಿಗೆ ಅದು ನಂಬುವಂಥದ್ದಲ್ಲ. ಕ್ಯಾಮೆರಾಕ್ಕೂ ರೂಟರ್‌ಗೂ ಸಣ್ಣ 12 ವೋಲ್ಟ್ ಯುಪಿಎಸ್ ಸಾಕು. ಏಪ್ರಿಲ್-ಮೇ ಗುಡುಗಿಗೆ ಪ್ಲಗ್ ಕಿತ್ತಿಡುವುದು ಹಳೇ ಅಭ್ಯಾಸ, ಈಗಲೂ ಅದೇ ಸರಿ.

ಇಷ್ಟೆಲ್ಲ ಆದಮೇಲೂ ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡ್ ಹಾಗೇ ಬಿಟ್ಟರೆ ನಿಮ್ಮ ಅಂಗಳವನ್ನು ಬೇರೆಯವರೂ ನೋಡಬಹುದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅಂಥ ಕ್ಯಾಮೆರಾ, ರೂಟರ್‌ಗಳನ್ನೇ ಲಕ್ಷಗಟ್ಟಲೆ ವಶಮಾಡಿಕೊಂಡಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟುಗಳು ಅವುಗಳ ಮೂಲಕ ನಡೆದ ದಾಳಿಗೆ ಗಂಟೆಗಟ್ಟಲೆ ನಿಂತವು. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸರ್ಕಾರ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯ ಮಾಡಿದೆ. ಅಂಗಡಿಯಲ್ಲಿ ಆ ಪ್ರಮಾಣಪತ್ರ ಇದೆಯಾ ಅಂತ ಕೇಳಿ. ಜೊತೆಗೆ ನೆಟ್ ಇಲ್ಲದಾಗಲೂ ರೆಕಾರ್ಡ್ ಆಗುತ್ತಾ ಅಂತಲೂ ಕೇಳಿ, ರೂಟರ್ ಆಫ್ ಮಾಡಿಸಿ ಅಲ್ಲೇ ತೋರಿಸಲು ಹೇಳಿ.